ಕೊರೊನಾ ಸಮಯದಲ್ಲಿ ಜನ ಅಂಗಡಿಗೆ ಮುಗಿಬಿದ್ದಿದ್ದೇಕೆ? ಜ್ವರ ಬಂದರೂ ಮುಚ್ಚಿಟ್ಟಿದ್ದೇಕೆ?

ಎರಡಕ್ಕೂ ಭಯವೇ ಮೂಲ. ಆದರೆ ಒಂದೇ ಭಯವಲ್ಲ.

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಮಾತಾಡಿದರು. ಮಧ್ಯರಾತ್ರಿಯಿಂದಲೇ 21 ದಿನ ಲಾಕ್‌ಡೌನ್. ಕೈಯಲ್ಲಿದ್ದದ್ದು ನಾಲ್ಕೇ ಗಂಟೆ. ದಿನಸಿ, ಔಷಧಿ ಅಂಗಡಿಗಳಿಗೆ ವಿನಾಯಿತಿ ಇತ್ತು. ಆದರೆ ಆ ಮಾತು ತಲೆಗೆ ಇಳಿಯುವ ಮೊದಲೇ ಜನ ಚೀಲ ಹಿಡಿದು ಹೊರಟಿದ್ದರು. ಪಕ್ಕದ ಮನೆಯವರು ಮೂಟೆ ಅಕ್ಕಿ ತಂದರೆ ನಾವು ಸುಮ್ನೆ ಕೂರೋದು ಕಷ್ಟ ಅಲ್ವಾ? ಇದನ್ನು ದುರಾಸೆ ಅನ್ನಲು ನನಗೆ ಮನಸ್ಸಿಲ್ಲ. ಖಾಲಿ ಕಪಾಟುಗಳನ್ನೇ ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದರೆ ಆತಂಕ ಇನ್ನೂ ಜಾಸ್ತಿಯಾಗುತ್ತದೆ.

ಮುಚ್ಚಿಡುವುದರ ಹಿಂದೆ ಇದ್ದದ್ದು ಅವಮಾನದ ಭಯ. ಕರ್ನಾಟಕದಲ್ಲಿ ಹೋಂ ಕ್ವಾರಂಟೈನ್ ಆದವರ ಕೈಗೆ ಮುದ್ರೆ ಒತ್ತಿದರು, ಮನೆ ಬಾಗಿಲಿಗೆ ನೋಟಿಸ್ ಅಂಟಿಸಿದರು. ಉದ್ದೇಶ ಎಚ್ಚರಿಕೆ ಕೊಡುವುದು. ಆದರೆ ಬೀದಿಯ ಕಣ್ಣಿಗೆ ಅದು ಕಳಂಕವಾಗಿ ಕಂಡಿತು. ಹಾಲಿನವರು ಆ ಮನೆ ಬಿಟ್ಟು ಮುಂದೆ ಹೋದರೆ, ಬಾಡಿಗೆ ಮನೆ ಖಾಲಿ ಮಾಡು ಅಂದರೆ, ಯಾರು ತಾನೇ ಟೆಸ್ಟ್ ಮಾಡಿಸಲು ಮುಂದೆ ಬರುತ್ತಾರೆ? ಸರ್ಕಾರದ್ದೇ ಕಾಲರ್ ಟ್ಯೂನ್ ಹೋರಾಟ ರೋಗದ ವಿರುದ್ಧ, ರೋಗಿಯ ವಿರುದ್ಧವಲ್ಲ ಎನ್ನುತ್ತಿತ್ತು. ಕಿವಿಗೆ ಒಂದು ಮಾತು, ಬಾಗಿಲಲ್ಲಿ ಇನ್ನೊಂದು. ಜನ ನಂಬಿದ್ದು ಬಾಗಿಲನ್ನು.

2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿಗಳ ನಿರ್ದಿಷ್ಟ ಆದೇಶವಿಲ್ಲದೆ ರೋಗಿಗಳ ಮನೆಗೆ ಪೋಸ್ಟರ್ ಹಚ್ಚಬಾರದು ಎಂದಿತು. ಅಷ್ಟರಲ್ಲಿ ಮೊದಲ ಅಲೆ ಇಳಿಯುತ್ತಿತ್ತು.