ಬಾಣಂತಿಗೆ ನೀರು ಕೊಡಬೇಡಿ ಅನ್ನುವ ಅಜ್ಜಿಗೆ ನರ್ಸ್ ಏನು ಹೇಳಬೇಕು?

ಲೈನಿಂಗರ್ ಅವರ ಮೂರು ದಾರಿಗಳನ್ನು ಪರೀಕ್ಷೆಗೆ ಬರೆದಿದ್ದೀರಿ, ಆದರೆ ವಾರ್ಡಿನಲ್ಲಿ ಅಜ್ಜಿಯೊಬ್ಬರು "ಬಾಣಂತಿಗೆ ನೀರು ಕೊಡಬಾರದು ಸಿಸ್ಟರ್" ಅಂದರೆ ಆ ಥಿಯರಿ ಹೇಗೆ ಉಪಯೋಗಕ್ಕೆ ಬರುತ್ತದೆ ಎಂದು ಕೇಳಿದ್ದೀರಿ.

ಮೆಡೆಲಿನ್ ಲೈನಿಂಗರ್ ಮೊದಲು ನರ್ಸ್, ಆಮೇಲೆ ಮಾನವಶಾಸ್ತ್ರಜ್ಞೆ. 1960ರ ದಶಕದ ಆರಂಭದಲ್ಲಿ ನ್ಯೂಗಿನಿಯ ಗ್ಯಾಡ್ಸಪ್ ಜನರ ನಡುವೆ ಇದ್ದು ಅವರ ಆರೈಕೆಯ ಕ್ರಮವನ್ನು ಅಧ್ಯಯನ ಮಾಡಿದವರು. ಮನೆಯವರ ಪದ್ಧತಿ ಎದುರಾದಾಗ ಇರುವುದನ್ನು ಉಳಿಸುವುದು, ಹೊಂದಿಸಿಕೊಳ್ಳುವುದು, ಬದಲಿಸುವುದು: ನರ್ಸಿಗೆ ಅವರು ಹೇಳಿದ ಮೂರು ದಾರಿ ಇವು. ನೋಟ್ಸ್ ಓದಿದರೆ ಒಂದು ಸಮುದಾಯಕ್ಕೆ ಒಂದು ದಾರಿ ಆರಿಸಬೇಕೇನೋ ಅನ್ನಿಸುತ್ತದೆ. ಹಾಗಲ್ಲ, ಒಂದೊಂದು ಪದ್ಧತಿಗೂ ಬೇರೆ ಬೇರೆ ತೀರ್ಮಾನ. ಒಂದೇ ಮನೆಯ ಬಾಣಂತನದಲ್ಲಿ ಮೂರೂ ಬರುತ್ತವೆ.

ತೀರ್ಮಾನಕ್ಕೆ ಮೊದಲು ವಿವರ ಬೇಕು. "ಪಥ್ಯ ಮಾಡ್ತೀರಾ?" ಎಂದು ಕೇಳಬೇಡಿ, ಬೈಸಿಕೊಳ್ಳಬೇಕಾದೀತು ಎಂದು "ಇಲ್ಲ" ಅಂದುಬಿಡುತ್ತಾರೆ. "ನಿಮ್ಮನೇಲಿ ಬಾಣಂತನ ಹೇಗೆ ಮಾಡ್ತೀರಿ ಅಜ್ಜಿ?" ಅನ್ನಿ. ಆಮೇಲೆ ಅಳತೆಗೆ ಬನ್ನಿ: ದಿನಕ್ಕೆ ಎಷ್ಟು ಲೋಟ ನೀರು, ಎಷ್ಟು ದೊಡ್ಡ ಲೋಟ, ಬೇಳೆ ಎಷ್ಟನೇ ದಿನದಿಂದ, ಕೆಂಡ ಎಲ್ಲಿಡುತ್ತೀರಿ, ಆಗ ಕಿಟಕಿ ತೆಗೆದಿರುತ್ತದೆಯೇ.

ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಬೆಳ್ಳುಳ್ಳಿ, ಮೆಂತ್ಯ, ಸಬ್ಬಸಿಗೆ ಸೊಪ್ಪು ಇವೆಲ್ಲ ಇರಲಿ. ಅಂಟಿನುಂಡೆಯೂ ಇರಲಿ, ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಲೆಕ್ಕ ಬೇರೆ. "ಉಳಿಸುವುದು" ಅಂದರೆ ಸುಮ್ಮನಿರುವುದಲ್ಲ, ಫ್ಯಾನಿನ ಗಾಳಿ ನೇರ ಬೀಳದ ಮಂಚ ಕೊಡುವುದೂ ಅದೇ. ತಲೆಬಟ್ಟೆ ನೋಡಿ ನಕ್ಕ ನರ್ಸಿನ ಮಾತನ್ನು ನೀರಿನ ವಿಷಯದಲ್ಲಿ ಯಾರೂ ಕೇಳುವುದಿಲ್ಲ.

ನಿಜವಾದ ಕೆಲಸ ಇರುವುದು ನಡುವಿನ ದಾರಿಯಲ್ಲಿ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೇಗೂ ಹೆಚ್ಚು. ನೀರು ಕಡಿಮೆಯಾದರೆ ಇನ್ನೂ ಹೆಚ್ಚು. ಒಂದೇ ಕಾಲು ಬಾತುಕೊಂಡು ನೋಯುವುದು, ಬಿಡದ ತಲೆನೋವು, ಫಿಟ್ಸ್ ಕಂಡರೆ ತಕ್ಷಣ ಆಸ್ಪತ್ರೆಗೆ ಬರಬೇಕು. ಆದರೆ ಅಜ್ಜಿಯ ಜೊತೆ ವಾದ ಬೇಡ, ಕಾರಣ ಕೇಳಿ. ಹೆಚ್ಚಿನವರ ಭಯ ನೀರಿನದಲ್ಲ, ಶೀತದ್ದು. ಹಾಗಾದರೆ ಬಿಸಿ ಜೀರಿಗೆ ನೀರು, ಗಂಜಿ, ಹಾಲು ಆಗಬಹುದಲ್ಲ? ಮಗುವಿಗೆ ಹಾಲೂಡಿಸುವಾಗೆಲ್ಲ ದೊಡ್ಡ ಲೋಟದ ತುಂಬ ಒಂದು ಎಂದು ಒಪ್ಪಿಸಿ. ದಿನಕ್ಕೆ 8ರಿಂದ 12 ಸಲ ಹಾಲೂಡಿಸುತ್ತಾರೆ, ಅಲ್ಲಿಗೆ ಎರಡು ಲೀಟರ್ ಆಸುಪಾಸು ಆಯಿತು. ಮೂತ್ರ ಕಡು ಹಳದಿಯಾದರೆ ಸಾಲದು ಎಂದರ್ಥ.

ವಾರಗಟ್ಟಲೆ ಬರೀ ಬಿಳಿ ಅನ್ನ, ಮೆಣಸಿನ ಸಾರು ಮಾತ್ರ ಕೊಡುವ ಮನೆಗಳಿವೆ. ಪಾಲಿಶ್ ಅಕ್ಕಿಯಲ್ಲಿ ಥಯಾಮಿನ್ (ವಿಟಮಿನ್ ಬಿ1) ತೀರಾ ಕಡಿಮೆ, ತಾಯಿಗೆ ಕೊರತೆಯಾದರೆ ಎದೆಹಾಲಿನಲ್ಲೂ ಕೊರತೆ. ಎರಡು ಮೂರು ತಿಂಗಳ ಕೂಸು ಹಾಲು ಬಿಟ್ಟು, ವಾಂತಿ ಮಾಡಿ, ಸ್ವರ ಗೊಗ್ಗರಾಗಿ, ಏದುಸಿರು ಬಿಡುತ್ತದೆ. ಕರ್ನಾಟಕದ ವೈದ್ಯರೇ ಇಂಥ ಪ್ರಕರಣಗಳನ್ನು ದಾಖಲಿಸಿದ್ದಾರೆ. ತೊಗರಿ ವಾಯು ಅನ್ನುವವರು ಹೆಸರುಬೇಳೆಗೆ ಒಪ್ಪುವುದುಂಟು, ಅಲ್ಲಿಂದ ಶುರು ಮಾಡಿ. ಕಬ್ಬಿಣದ ಮಾತ್ರೆ ಉಷ್ಣ ಎಂದು ನಿಲ್ಲಿಸುತ್ತಾರೆ. ದಿನಕ್ಕೆ ಒಂದು, ಊಟದ ಮೇಲೆ, 180 ದಿನ. ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ಕ್ಯಾಲ್ಸಿಯಂ ಜೊತೆ ನುಂಗಬೇಡಿ. ಇಷ್ಟನ್ನು ಮೊದಲೇ ಹೇಳಿಬಿಡಿ. ಬಿಸಿನೀರಿನ ಸ್ನಾನ ಇರಲಿ, ಸಿಸೇರಿಯನ್ ಗಾಯಕ್ಕೆ ಎಣ್ಣೆ ತಿಕ್ಕುವುದು ಬೇಡ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಖಂಡಿತ ಬೇಡ. ಅದರ ಅನಿಲಕ್ಕೆ ವಾಸನೆಯೇ ಇಲ್ಲ, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ.

ಮೊದಲ ಹಾಲು ಹಿಂಡಿ ಚೆಲ್ಲುವುದು, ಜೇನು ನೆಕ್ಕಿಸುವುದು, ಬಜೆ ತೇಯ್ದು ಬಾಯಿಗೆ ಹಾಕುವುದು, ಹೊಕ್ಕುಳಿಗೆ ಬೂದಿ ಹಚ್ಚುವುದು, ಕಣ್ಣಿಗೆ ಕಾಡಿಗೆ: ಇವನ್ನು ಬದಲಿಸಲೇಬೇಕು. ಬರೀ "ಬೇಡ" ಅಂದರೆ ಮನೆಗೆ ಹೋಗಿ ಮಾಡುತ್ತಾರೆ, ಬದಲಿಗೆ ಏನಾದರೂ ಕೊಡಿ. ದೃಷ್ಟಿಬೊಟ್ಟು ಅಂಗಾಲಿಗೆ ಇಡಲಿ. ಜೇನು ನೆಕ್ಕಿಸುವ ಹಿರಿತನ ಅಜ್ಜಿಯದಾಗಿದ್ದರೆ, ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚುವ ಕೆಲಸ ಅವರ ಕೈಯಿಂದಲೇ ಆಗಲಿ.

ಸಾಮಾನ್ಯವಾಗಿ ಎಡವುವುದು ಡಿಸ್ಚಾರ್ಜ್ ದಿನ. ಎಲ್ಲವನ್ನೂ ಬಾಣಂತಿಗೆ ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತೇವೆ, ಅಡುಗೆ ಮಾಡುವ, ನೀರು ಹಾಕುವ ಅಜ್ಜಿ ಹೊರಗೆ ಕೂತಿರುತ್ತಾರೆ. ಇಬ್ಬರನ್ನೂ ಕೂರಿಸಿ ಹೇಳಿ. ಅದಕ್ಕೂ ಮೊದಲು ಬಾಣಂತಿಯನ್ನು ಒಬ್ಬಳನ್ನೇ ಕೇಳಿ. ಬಾಯಾರಿಕೆ ಆಗುತ್ತಿದ್ದರೂ ಅಜ್ಜಿಯ ಎದುರು ಹೇಳುವುದಿಲ್ಲ.

"ಮುಸ್ಲಿಮರು ಹೀಗೆ, ಲಿಂಗಾಯತರು ಹೀಗೆ" ಎನ್ನುವ ಪಟ್ಟಿಗಳನ್ನು ಮಾತ್ರ ನಾನು ನಂಬುವುದಿಲ್ಲ. ಅವು ಕೇಳುವ ಅಭ್ಯಾಸವನ್ನೇ ಕೆಡಿಸುತ್ತವೆ. ನ್ಯೂಜಿಲೆಂಡಿನ ಮಾವೊರಿ ನರ್ಸ್ ಇರಿಹಪೇಟಿ ರಾಮ್ಸ್‌ಡೆನ್ ಹೇಳಿದ್ದು ಇನ್ನೂ ನೇರ: ಆರೈಕೆ ಸುರಕ್ಷಿತವಾಗಿತ್ತೇ ಎಂದು ತೀರ್ಮಾನಿಸಬೇಕಾದವರು ಅದನ್ನು ಪಡೆದವರು.

ಒಪ್ಪಿಕೊಂಡದ್ದನ್ನು ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯಿರಿ, ಆಶಾ ಕಾರ್ಯಕರ್ತೆಗೂ ತಿಳಿಸಿ. ಆಸ್ಪತ್ರೆ ಹೆರಿಗೆಯಾದರೆ ಅವರು 3, 7, 14, 21, 28, 42ನೇ ದಿನ ಮನೆಗೆ ಹೋಗುತ್ತಾರೆ. 3ನೇ ದಿನವೇ ನೀರಿನ ಲೋಟದ ಲೆಕ್ಕ ಕೇಳಲಿ.