ವೈದ್ಯರಿಗೆ ಚರಂಡಿಯ ಉಸಾಬರಿ ಏಕೆ?

ಓದುಗರ ಪತ್ರ: ಹತ್ತೊಂಬತ್ತನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಶೋ ಕುರಿತ ನಿಮ್ಮ ಲೇಖನ ಓದಿದೆ. ಜೀವಕೋಶದ ವಿಜ್ಞಾನಿಯಾಗಿ ದೊಡ್ಡವರು, ಒಪ್ಪಿದೆ. ಆದರೆ ರಾಜಕೀಯಕ್ಕಿಳಿದು ಅರ್ಧ ಆಯುಷ್ಯ ಹಾಳುಮಾಡಿಕೊಂಡರಲ್ಲವೇ? ಡಾಕ್ಟರಿಗೆ ಆಸ್ಪತ್ರೆ ಸಾಲದೇ? ಎಂ.ಬಿ.ಬಿ.ಎಸ್. ಓದುತ್ತಿರುವ ಮೊಮ್ಮಗಳಿಗೂ ಇದನ್ನೇ ಹೇಳಿದ್ದೇನೆ.
– ನಿವೃತ್ತ ಮೇಷ್ಟ್ರು, ತಿಪಟೂರು

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮಂಥ ದುಂಡು ಅಕ್ಷರದಲ್ಲಿ ಬೈಸಿಕೊಳ್ಳುವುದೂ ಒಂದು ಸುಖವೇ.

ವಿರ್ಶೋ ಎಡವಲೇ ಇಲ್ಲ ಎನ್ನಲಾರೆ. ಬಾಣಂತಿಯರನ್ನು ಉಳಿಸಲು ಕೈ ತೊಳೆಯಿರಿ ಎಂದು ಅಂಗಲಾಚಿದ ಹಂಗೇರಿಯ ವೈದ್ಯ ಸೆಮ್ಮೆಲ್‌ವೈಸ್ ಮಾತಿಗೆ ಅವರು ಸೊಪ್ಪು ಹಾಕಲಿಲ್ಲ. ರೋಗಾಣುಗಳ ವಿಷಯದಲ್ಲಿ, ಅವುಗಳ ಸಂಶೋಧಕ ರಾಬರ್ಟ್ ಕಾಖ್ ಎದುರೂ ಬಹಳ ಕಾಲ ಮೂಗು ಮುರಿದರು. ಆದರೆ ಗಮನಿಸಿ, ಈ ತಪ್ಪುಗಳು ಅವರ ವಿಜ್ಞಾನದವು. ನೀವು ದೂರುತ್ತಿರುವ ರಾಜಕೀಯದವಲ್ಲ!

1848ರಲ್ಲಿ ಜರ್ಮನ್ ರಾಜ್ಯವಾದ ಪ್ರಶ್ಯದ ಅಪ್ಪರ್ ಸೈಲೀಷಿಯಾ ಪ್ರದೇಶದಲ್ಲಿ, ಹೇನಿನಿಂದ ಹರಡುವ ಟೈಫಸ್ ಜ್ವರ ಊರೂರನ್ನೇ ಗುಡಿಸಿಹಾಕುತ್ತಿತ್ತು. ಆಲೂಗಡ್ಡೆ ಬೆಳೆ ಕೈಕೊಟ್ಟು ಜನ ಹಸಿವಿನಿಂದ ಕಂಗಾಲಾಗಿದ್ದರು. ಜನರ ಮಾತು ಪೋಲಿಷ್, ಅಧಿಕಾರಿಗಳದು ಜರ್ಮನ್. ಪ್ರಶ್ಯ ಸರ್ಕಾರ ಅಲ್ಲಿಗೆ ಕಳಿಸಿದ ವಿರ್ಶೋಗೆ ಆಗ ಇಪ್ಪತ್ತಾರು ವಯಸ್ಸು. ಅವರು ತಂದ ವರದಿಯಲ್ಲಿದ್ದ ಮದ್ದಾದರೂ ಏನು? ಪೂರ್ಣ ಪ್ರಜಾಪ್ರಭುತ್ವ, ಶಾಲೆ, ರಸ್ತೆ, ಜನರ ಭಾಷೆಗೆ ಮನ್ನಣೆ, ಬಡವರ ಮೇಲಿನ ತೆರಿಗೆಯ ಹೊರೆ ಇಳಿಸುವುದು. ಕಷಾಯ ಕೇಳಿದವರಿಗೆ ಸಂವಿಧಾನ ಬರೆದುಕೊಟ್ಟಂತಾಯಿತು. ಬರ್ಲಿನ್‌ಗೆ ಮರಳಿದ ಕೆಲವೇ ದಿನಗಳಲ್ಲಿ ರಾಜಪ್ರಭುತ್ವದ ವಿರುದ್ಧ ಎದ್ದ ಕ್ರಾಂತಿಯ ಬ್ಯಾರಿಕೇಡಿನಲ್ಲಿದ್ದರು. ಮರುವರ್ಷ ಕೆಲಸಕ್ಕೆ ಕುತ್ತು ಬಂದು ವೂರ್ಟ್ಸ್‌ಬುರ್ಗ್‌ಗೆ ಹೋಗಬೇಕಾಯಿತು.

ನೀವು ಮೆಚ್ಚುವ ಜೀವಕೋಶದ ಗ್ರಂಥ ಬಂದದ್ದು ಇದೆಲ್ಲ ಆದಮೇಲೆ, 1858ರಲ್ಲಿ. ಮರುವರ್ಷವೇ ಬರ್ಲಿನ್ ನಗರಸಭೆಗೆ ಆಯ್ಕೆಯಾಗಿ, 1902ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿದ್ದರು. ಪ್ರಶ್ಯದ ಶಾಸನಸಭೆಯಲ್ಲೂ ಸದಸ್ಯರಾಗಿ, ಪ್ರಧಾನಿ ಬಿಸ್ಮಾರ್ಕ್‌ನನ್ನು ಎಷ್ಟು ಕೆಣಕಿದರೆಂದರೆ 1865ರಲ್ಲಿ ಆತ ದ್ವಂದ್ವಯುದ್ಧಕ್ಕೇ ಕರೆದ. ಇವರು ಹೋಗಲಿಲ್ಲ. ಹುಳುಬಿದ್ದ ಹಂದಿಮಾಂಸದ ಸಾಸೇಜನ್ನು ಆಯುಧವಾಗಿ ಆರಿಸಿಕೊಂಡರೆಂಬುದು ಬರೀ ಕಟ್ಟುಕಥೆ, ನನಗೂ ಇಷ್ಟವಾದದ್ದೇ. ಹಂದಿಮಾಂಸದ ಹುಳುವಿನ ವಿರುದ್ಧ ಅವರು ನಡೆಸಿದ ಹೋರಾಟ ಮಾತ್ರ ನಿಜ; ಮಾಂಸವನ್ನು ಸೂಕ್ಷ್ಮದರ್ಶಕದಲ್ಲಿ ತಪಾಸಣೆ ಮಾಡಲೇಬೇಕೆಂದು ಹಟ ಹಿಡಿದರು.

ಇನ್ನು ಚರಂಡಿ. ಬರ್ಲಿನ್‌ನ ಕೊಳಚೆ ಆಗ ಬೀದಿಬದಿಯ ತೆರೆದ ಮೋರಿಗಳಲ್ಲೇ ಹರಿಯುತ್ತಿತ್ತು. ಎಂಜಿನಿಯರ್ ಜೇಮ್ಸ್ ಹೋಬ್ರೆಕ್ಟ್ ನಕ್ಷೆ ಹಾಕಿದರು, ವಿರ್ಶೋ ನಗರಸಭೆಯಲ್ಲಿ ವರ್ಷಗಟ್ಟಲೆ ಅದರ ಪರ ವಾದಿಸಿದರು. 1873ರಲ್ಲಿ ಕೆಲಸ ಶುರು. ನಗರವನ್ನು 12 ಭಾಗ ಮಾಡಿ, ಒಂದೊಂದಕ್ಕೂ ಪಂಪ್‌ಹೌಸ್ ಕಟ್ಟಿ, ಕೊಳಚೆಯನ್ನು ಊರಾಚೆಯ ಹೊಲಗಳಿಗೆ ಹಾಯಿಸಿದರು. ಅವರು ನೋಡಲೊಪ್ಪದ ರೋಗಾಣುಗಳನ್ನೂ ಆ ಕೊಳವೆಗಳು ಸಾಗಿಸಿದವು ಎಂಬುದು ಬೇರೆ ತಮಾಷೆ.

ನಮ್ಮಲ್ಲಿ? ಆಸ್ಪತ್ರೆಯೆಂದರೆ ಶಂಕುಸ್ಥಾಪನೆಗೆ ಹಾರ ತುರಾಯಿ, ಒಳಚರಂಡಿಗೆ ಟೇಪು ಕತ್ತರಿಸಲು ಯಾರೂ ಬರುವುದಿಲ್ಲ. ಡೆಂಗಿ ಬಂದಾಗ ಎರಡು ದಿನ ಹೊಗೆ ಬಿಟ್ಟು ಫೋಟೋ ತೆಗೆಸಿಕೊಂಡರೆ ಮುಗಿಯಿತು. ಬಜೆಟ್ ಸಭೆಯಲ್ಲಿ ಕಂಟ್ರಾಕ್ಟರುಗಳಿರುತ್ತಾರೆ, ರಿಯಲ್ ಎಸ್ಟೇಟಿನವರಿರುತ್ತಾರೆ. ಡಾಕ್ಟರು ಮಾತ್ರ ಕ್ಲಿನಿಕ್ಕಿನಲ್ಲಿ ಅದೇ ನೀರು ಕುಡಿದು ಬಂದವರಿಗೆ ಚೀಟಿ ಬರೆಯುತ್ತಿರುತ್ತಾರೆ. ಅವರನ್ನು ಹಾಗೆ ಕೂರಿಸಿದವರು, ಬೇಸರ ಬೇಡ, ನಿಮ್ಮಂಥ ಸಜ್ಜನ ಅಜ್ಜಂದಿರೇ.

ಮೊಮ್ಮಗಳು ರಜೆಗೆ ಬಂದಾಗ ನಿಮ್ಮ ವಾರ್ಡಿನ ಸಭೆಗೊಮ್ಮೆ ಕರೆದುಕೊಂಡು ಹೋಗಿ. ಕುಡಿಯುವ ನೀರಿನ ಪೈಪು ಎಲ್ಲೆಲ್ಲಿ ಮೋರಿಯೊಳಗೆ ಹಾದುಹೋಗಿದೆಯೆಂದು ಆಕೆಯೇ ಕೇಳಲಿ. ಏನುತ್ತರ ಬಂತೆಂದು ಬರೆದು ತಿಳಿಸಿ, ಅಚ್ಚು ಹಾಕುತ್ತೇವೆ.