ಆ ಅಜ್ಜಿ ಏನಂದಳು?

ಪ್ರಿಯ ಸಹೋದರರೇ, ವಂದನೆಗಳು.

ರೋಣದ ಕಡೆಯ ಹಳ್ಳಿಗಳಲ್ಲಿ ಯೇಸುವಿನ ಸುವಾರ್ತೆ ಸಾರಿ ಬಂದ ಬಗ್ಗೆ ನೀವು ನಮ್ಮ ಪತ್ರಿಕೆಗೆ ಬರೆದ ಲೇಖನ ತಲುಪಿತು. ಭಾಷೆ ಶುದ್ಧ, ಅಕ್ಷರ ದುಂಡು, ಉತ್ಸಾಹಕ್ಕೆ ಕೊರತೆಯಿಲ್ಲ. ಹೊಗಳಿಕೆ ಇಷ್ಟು ಸಾಕು. ಎರಡನೇ ಪುಟ ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ.

ಅಲ್ಲಿ ಮೊದಲ ವಾಕ್ಯ: ‘ಆ ಊರು ಪೂರ್ತಿ ಕತ್ತಲೆಯಲ್ಲಿತ್ತು.’ ಅದರ ಬೆನ್ನಿಗೆ: ‘ಒಬ್ಬ ಅಜ್ಜಿ ನಮ್ಮನ್ನು ಕಟ್ಟೆಯ ಮೇಲೆ ಕೂಡ್ರಿಸಿ ರೊಟ್ಟಿ, ಪುಂಡಿಪಲ್ಲೆ ಕೊಟ್ಟಳು. ನಾವು ಆಕೆಗೆ ಸತ್ಯವನ್ನು ತಿಳಿಸಿದೆವು.’ ಅಲ್ಲಿಗೆ ಅಜ್ಜಿಯ ಕತೆ ಮುಗಿಯಿತು. ಗುರುತಿಲ್ಲದವರಿಗೆ ರೊಟ್ಟಿ ಕೊಟ್ಟವಳನ್ನು ಕತ್ತಲೆಗೆ ಸೇರಿಸುವಾಗ ನಿಮ್ಮ ಪೆನ್ನು ತಡವರಿಸಲಿಲ್ಲವೇ? ನೀವು ಹೇಳಿದ್ದಕ್ಕೆ ಆಕೆ ಏನಂದಳು? ನಕ್ಕಳೋ, ‘ಮಠದ ಅಜ್ಜಾರೂ ಹಿಂಗ ಹೇಳತಾರ’ ಅಂದಳೋ, ಸುಮ್ಮನೆ ಎದ್ದು ಒಳಗೆ ಹೋದಳೋ? ಮುಂದಿನ ಸಾಲಿಗೆ ನೀವಾಗಲೇ ಇನ್ನೊಂದು ಊರಿನಲ್ಲಿದ್ದೀರಿ.

ನಾನು ಈ ಸಂಪಾದಕನ ಕೆಲಸ ಕಲಿತದ್ದು ಹುಬ್ಬಳ್ಳಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ, ಪ್ರೂಫ್ ತಿದ್ದುತ್ತ. ನಮ್ಮ ಕ್ರೈಸ್ತ ಸಭೆಗಳ ವರದಿಗಳಿಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಹಣೆತುಂಬ ವಿಭೂತಿ ಧರಿಸುವ ಹಿರಿಯರು. ಹೀಗಾಗಿ ಪ್ರತಿ ವರದಿಗೂ ಮೊದಲ ಓದುಗರು ಅವರೇ. ಒಮ್ಮೆ ಪ್ರೂಫ್ ಕೈಗಿಡುತ್ತ, ‘ತಮ್ಮಾ, ಇದರಾಗ ನಿಮ್ಮವರಷ್ಟ ಮಾತಾಡತಾರ. ನಮ್ಮವರೇನು ಮೂಕರೇನೋ?’ ಎಂದರು. ಈಗಲೂ ಯಾವ ಸುವಾರ್ತಾ ವರದಿ ಬಂದರೂ ಮೊದಲು ಅವರ ಕಣ್ಣಿನಿಂದ ಓದುತ್ತೇನೆ. ನಿಮ್ಮದನ್ನೂ ಹಾಗೆಯೇ ಓದಿದೆ.

ಇನ್ನು ಕೊನೆಯ ಪ್ಯಾರಾ. ‘1974ರ ಲೋಸಾನ್ ಸಮ್ಮೇಳನವೇ ಸುವಾರ್ತೆ ಸಾಕು, ಸಮಾಜಸೇವೆ ಬೇಡ ಎಂದಿದೆ’ ಎನ್ನುತ್ತೀರಿ. ಇಲ್ಲ, ಸ್ವಿಟ್ಜರ್ಲೆಂಡಿನಲ್ಲಿ ಸೇರಿದ್ದ ಆ ಜಾಗತಿಕ ಸುವಾರ್ತಾ ಸಮ್ಮೇಳನ ಹಾಗೆಂದಿಲ್ಲ. ಇಂಗ್ಲೆಂಡಿನ ಪಾದ್ರಿ ಜಾನ್ ಸ್ಟಾಟ್ ಮುಂದಾಳತ್ವದಲ್ಲಿ ಅಲ್ಲಿ ಸಿದ್ಧವಾದ ಒಡಂಬಡಿಕೆ ಎಂಬ ಹೇಳಿಕೆಯ 6ನೇ ಭಾಗ ಸುವಾರ್ತೆಗೆ ಮೊದಲ ಸ್ಥಾನ ಕೊಟ್ಟದ್ದು ನಿಜ. ಆದರೆ 5ನೇ ಭಾಗ ಸುವಾರ್ತೆ, ಸಮಾಜಸೇವೆ ಎರಡೂ ಕ್ರೈಸ್ತರ ಕರ್ತವ್ಯವೇ ಎನ್ನುತ್ತದೆ. ಒಂದಿದ್ದರೆ ಇನ್ನೊಂದು ಬೇಡ ಎಂದುಕೊಂಡಿದ್ದಕ್ಕೆ ಪಶ್ಚಾತ್ತಾಪವನ್ನೂ ಪಡುತ್ತದೆ. ಲ್ಯಾಟಿನ್ ಅಮೆರಿಕದ ದೇವಶಾಸ್ತ್ರ ಪಂಡಿತರಾದ ರೆನೆ ಪದೀಯಾ, ಸಾಮುಯೆಲ್ ಎಸ್ಕೋಬಾರ್ ಆ ಸಮ್ಮೇಳನದಲ್ಲೇ ಇದಕ್ಕಾಗಿ ವಾದಿಸಿದ್ದರು. ಅಷ್ಟು ದೂರ ಏಕೆ, 1837ರಲ್ಲಿ ಧಾರವಾಡಕ್ಕೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಉಪದೇಶದ ಜೊತೆಗೆ ಶಾಲೆಗಳನ್ನೂ ನಡೆಸಿದವರು. ನೀವು 6ನೇ ಭಾಗ ಓದಿ ಪುಸ್ತಕ ಮುಚ್ಚಿದ ಹಾಗಿದೆ.

ಉಳಿದ ಪುಟಗಳ ಬಗ್ಗೆ ನನ್ನ ತಕರಾರಿಲ್ಲ. ಅಜ್ಜಿ ಅಂದದ್ದು ನೆನಪಿಗೆ ಬಾರದಿದ್ದರೆ ಗದಗದಿಂದ ರೋಣಕ್ಕೆ ಬಸ್ಸಿದೆ. ಈ ಸಲ ಕರಪತ್ರದ ಚೀಲ ಮನೆಯಲ್ಲೇ ಇಟ್ಟು ಹೋಗಿ. ತಿದ್ದಿದ ಪ್ರತಿ 20ನೇ ತಾರೀಖಿನೊಳಗೆ ಕೈಸೇರಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ.